ಟಿಎಂಸಿಯಲ್ಲಿ ಸಿಡಿಲು

ಮಳೆಗಾಲ ಶುರುವಾಯಿತೆಂದರೆ ಶಿವಮೊಗ್ಗದ ಮನೆಗಳಲ್ಲಿ ಪತ್ರಿಕೆ ಬಿಡಿಸಿದ ಕೂಡಲೇ ಕಣ್ಣು ಹೋಗುವುದು ಜಲಾಶಯಗಳ ಮಟ್ಟದ ಕಡೆಗೆ. ಭದ್ರೆ ಎಷ್ಟು ಅಡಿ ಏರಿತು, 186 ಅಡಿ ತುಂಬಲು ಇನ್ನೆಷ್ಟು ಬಾಕಿ, ಲಿಂಗನಮಕ್ಕಿ ಈ ಸಲ 1,819 ಮುಟ್ಟುತ್ತದೋ ಇಲ್ಲವೋ, ಗಾಜನೂರಿನಿಂದ ಎಷ್ಟು ಕ್ಯುಸೆಕ್ ಬಿಟ್ಟರು. ಅಡಕೆ ತೋಟದವರಿಗೆ, ಭದ್ರಾ ನಾಲೆಯ ನೀರು ನಂಬಿ ಭತ್ತ ಹಾಕಿದವರಿಗೆ ಈ ಅಂಕಿಗಳನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಜಲಾಶಯದಲ್ಲಿ ನಿಂತ ನೀರಿನ ಅಳತೆ ಟಿಎಂಸಿ; ಒಂದು ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ. ದೇಶ ಮೆಟ್ರಿಕ್ ಪದ್ಧತಿಗೆ ಹೊರಳಿ ಅರವತ್ತು ವರ್ಷ ದಾಟಿದರೂ ನಮ್ಮ ನೀರು ಇವತ್ತಿಗೂ ಅಡಿಯಲ್ಲೇ ನಿಲ್ಲುತ್ತದೆ, ಘನ ಅಡಿಯಲ್ಲೇ ಹರಿಯುತ್ತದೆ.

ಆ ನೀರಿನಿಂದ ಬರುವ ಕರೆಂಟಿನ ಕಥೆಯೇ ಬೇರೆ. ಅದು ಹುಟ್ಟಿದ್ದೇ ಮೆಟ್ರಿಕ್ ಮನೆಯಲ್ಲಿ. ಈ ಎರಡು ಅಳತೆಗಳು ಒಂದೇ ಲೆಕ್ಕದಲ್ಲಿ ಎದುರಾದರೆ ಏನಾಗುತ್ತದೆ ಎಂಬುದು ಕೆಲ ದಿನಗಳ ಹಿಂದೆ ನಮ್ಮ ಮನೆಯ ಜಗಲಿಯಲ್ಲೇ ಗೊತ್ತಾಯಿತು.

ತುಂಗಾ ಸೇತುವೆ ದಾಟಿ ಭದ್ರಾವತಿ ಕಡೆಗೆ ಹೊರಟರೆ ಸಿಗುವ ವಿದ್ಯಾನಗರದಲ್ಲಿ ನಮ್ಮ ಮನೆ. ಅದೇ ಬೀದಿಯ ದ್ವಿತೀಯ ಪಿಯುಸಿ ಹುಡುಗನೊಬ್ಬ ಪುಸ್ತಕ, ಮೊಬೈಲ್ ಎರಡನ್ನೂ ಹಿಡಿದು ಬಂದಿದ್ದ. ಭೌತಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಬರುವ ವಿದ್ಯುದಾವೇಶ ಸಾಂದ್ರತೆ ಅವನಿಗೆ ತಿಳಿದಿತ್ತು. ಒಂದು ಜಾಗದಲ್ಲಿರುವ ವಿದ್ಯುದಾವೇಶವನ್ನು ಆ ಜಾಗದ ಗಾತ್ರದಿಂದ ಭಾಗಿಸಿದರೆ ಸಿಗುವುದು ಅದು. ಕೂಲಂಬ್ ವಿದ್ಯುದಾವೇಶದ ಅಳತೆ, ಆದ್ದರಿಂದ ಸಾಂದ್ರತೆಯ ಏಕಮಾನ ಘನ ಮೀಟರಿಗೆ ಇಷ್ಟು ಕೂಲಂಬ್. ಅಮೆರಿಕದ ಅಭ್ಯಾಸ ಪುಸ್ತಕವೊಂದರ ಲೆಕ್ಕ ಅವನನ್ನು ಕಾಡುತ್ತಿತ್ತು: ಘನ ಮೀಟರಿಗೆ 5 ಕೂಲಂಬ್ ಇದ್ದರೆ ಘನ ಇಂಚಿಗೆ ಎಷ್ಟು?

ಅವನು ಕೈಯಲ್ಲಿ ಮಾಡಿದ ಉತ್ತರ 3,05,119. ಮೊಬೈಲು ತೋರಿಸಿದ್ದು 8.19, ಅದರ ಪಕ್ಕದಲ್ಲಿ ಒಂದು ಇ, ಒಂದು ಮೈನಸ್ 5.

“ಗುಣಿಸ್ಬೇಕಾ ಭಾಗಿಸ್ಬೇಕಾ ಸಾರ್? ನಂದು ತಪ್ಪಾ, ಇದು ತಪ್ಪಾ?”

ಮೊಬೈಲ್ ಹೇಳಿದ್ದೇ ಸರಿ. ಆ ‘ಇ ಮೈನಸ್ 5’ ಎಂದರೆ ದಶಮಾಂಶ ಬಿಂದುವನ್ನು ಐದು ಸ್ಥಾನ ಎಡಕ್ಕೆ ಸರಿಸಬೇಕು, ಉತ್ತರ 0.0000819 ಕೂಲಂಬ್. ಆದರೆ ನನಗೆ ಹೆಚ್ಚು ಕಳವಳವಾದದ್ದು ಅವನ ತಪ್ಪಿಗಲ್ಲ. ಎರಡು ಉತ್ತರಗಳ ನಡುವೆ 370 ಕೋಟಿ ಪಟ್ಟಿಗೂ ಹೆಚ್ಚು ಅಂತರವಿದ್ದರೂ ಯಾವುದು ಅಸಂಭವ ಎಂದು ಅವನಿಗೆ ಅನ್ನಿಸಲೇ ಇಲ್ಲವಲ್ಲ, ಅದಕ್ಕೆ. ಇಡೀ ಘನ ಮೀಟರಿನಲ್ಲೇ ಇರುವುದು 5 ಕೂಲಂಬ್. ಅದರ ಮೂಲೆಯಲ್ಲಿ ಕೂರುವ ಒಂದು ಘನ ಇಂಚಿನಲ್ಲಿ ಮೂರು ಲಕ್ಷ ಕೂಲಂಬ್ ಎಲ್ಲಿಂದ ಬರಬೇಕು? ಲೆಕ್ಕ ಮಾಡುವ ಮೊದಲು ಉತ್ತರ ದೊಡ್ಡದಾಗಬೇಕೋ ಚಿಕ್ಕದಾಗಬೇಕೋ ಎಂದು ನಿಂತು ಯೋಚಿಸಿದ್ದರೆ ಪೆನ್ನು ಅಲ್ಲಿಗೇ ನಿಲ್ಲುತ್ತಿತ್ತು. ಮೊದಲು ದಿಕ್ಕು, ಆಮೇಲೆ ಲೆಕ್ಕ. ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದೆಲ್ಲ ಅದರ ವಿವರ.

ದಿಕ್ಕು ಗುರುತಿಸುವ ಬುದ್ಧಿ ನಮ್ಮ ಊರಿನಲ್ಲಿ ಇಲ್ಲವೆಂದಲ್ಲ, ಬೇರೆ ಕಡೆ ಇದೆ. ಮನೆ ಕಟ್ಟಿಸಿದವರಿಗೆ ಸಾಮಿಲ್ ಗೊತ್ತು. ಬಾಗಿಲು, ಕಿಟಕಿಯ ಮರಕ್ಕೆ ಹೋದರೆ ಮೊದಲ ಮಾತೇ “ಸಿಎಫ್‌ಟಿಗೆ ಎಷ್ಟು?” ಸಿಎಫ್‌ಟಿ ಎಂದರೆ ಘನ ಅಡಿ. ಲೆಕ್ಕ ಸುಲಭವಾಗಲೆಂದು ಸಿಎಫ್‌ಟಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಅದೇ ಮರವನ್ನು ಘನ ಮೀಟರಿನಲ್ಲಿ ಕೊಂಡರೆ ದರ ಎಷ್ಟು? ಒಂದು ಘನ ಮೀಟರಿನಲ್ಲಿ 35.3147 ಘನ ಅಡಿ. ಆದ್ದರಿಂದ 1,05,944 ರೂಪಾಯಿ. ಇಲ್ಲಿ 3,000ವನ್ನು ಯಾವ ಸಾಮಿಲ್ಲಿನವನೂ 35ರಿಂದ ಭಾಗಿಸುವುದಿಲ್ಲ, ಯಾವ ಗಿರಾಕಿಯೂ ಅದನ್ನು ಒಪ್ಪುವುದಿಲ್ಲ. ದೊಡ್ಡ ತುಂಡಿಗೆ ದೊಡ್ಡ ದುಡ್ಡು ಎಂಬುದು ಇಬ್ಬರಿಗೂ ಗೊತ್ತು.

ವಿದ್ಯುದಾವೇಶ ಸಾಂದ್ರತೆಯೂ ಹಾಗೆಯೇ ಒಂದು ದರ. ರೂಪಾಯಿಯ ಜಾಗದಲ್ಲಿ ಕೂಲಂಬ್ ಇಟ್ಟರೆ ಸಾಮಿಲ್ಲಿನ ಲೆಕ್ಕವೇ ಭೌತಶಾಸ್ತ್ರದ ಲೆಕ್ಕವಾಗುತ್ತದೆ. ಘನ ಅಡಿಯ ದರದಿಂದ ಘನ ಮೀಟರಿನ ದರಕ್ಕೆ ಹೋಗಲು 35.3147ರಿಂದ ಗುಣಿಸಬೇಕು, ಹಿಂದಿರುಗಲು ಭಾಗಿಸಬೇಕು. ಮಕ್ಕಳು ಎಡವುವುದು ಇಲ್ಲೇ, ಏಕೆಂದರೆ ಗಾತ್ರವನ್ನೇ ಬದಲಿಸುವಾಗ ದಿಕ್ಕು ಉಲ್ಟಾ. ಹತ್ತು ಘನ ಮೀಟರ್ ಮರಳನ್ನು ಘನ ಅಡಿಗೆ ತರುವಾಗ ಸಂಖ್ಯೆ ಹಿಗ್ಗುತ್ತದೆ, ಘನ ಮೀಟರಿನ ದರವನ್ನು ಘನ ಅಡಿಗೆ ತರುವಾಗ ಕುಗ್ಗುತ್ತದೆ. ಗೆರೆಯ ಮೇಲೆ ಕೂತ ಏಕಮಾನ ಒಂದು ರೀತಿ ನಡೆದರೆ, ಗೆರೆಯ ಕೆಳಗೆ ಕೂತದ್ದು ಅದಕ್ಕೆ ತಿರುವಾಗಿ ನಡೆಯುತ್ತದೆ.

ಇನ್ನೊಂದು ಎಡವಟ್ಟು ‘ಘನ’ ಎಂಬ ಎರಡಕ್ಷರದಲ್ಲಿದೆ. ಒಂದು ಮೀಟರ್ ಎಂದರೆ 3.28 ಅಡಿ ಎಂದು ಬಾಯಿಪಾಠ ಮಾಡಿದವರು ಘನ ಮೀಟರಿಗೂ 3.28 ಹಾಕಿಬಿಡುತ್ತಾರೆ. ಜೋಗದ ಎತ್ತರ 253 ಮೀಟರ್, 830 ಅಡಿ: ಅದು ಉದ್ದ, ಅಲ್ಲಿ 3.28 ಸರಿ. ಮೂವತ್ತು ನಲವತ್ತರ ಸೈಟು 1,200 ಚದರ ಅಡಿ, ಪತ್ರದಲ್ಲಿ ಸುಮಾರು 111.5 ಚದರ ಮೀಟರ್: ಅದು ವಿಸ್ತೀರ್ಣ, ಅಲ್ಲಿ 10.76. ಗಾತ್ರಕ್ಕೆ ಉದ್ದ, ಅಗಲ, ಆಳ ಮೂರೂ ಬೇಕು, 3.28ನ್ನು ಮೂರು ಸಲ ಗುಣಿಸಬೇಕು. ಇಂಚಿಗೆ ಇಳಿದರೆ ಮೂರು ಸಲ 39.37, ಅಂದರೆ ಒಂದು ಘನ ಮೀಟರಿನಲ್ಲಿ 61,023.744 ಘನ ಇಂಚು.

ಮೂರು ಸಲ ಗುಣಿಸಿದಾಗ ತಪ್ಪೂ ಸರಿಸುಮಾರು ಮೂರರಷ್ಟಾಗುತ್ತದೆ ಎಂಬುದನ್ನು ಪುಸ್ತಕಗಳು ಒತ್ತಿ ಹೇಳುವುದಿಲ್ಲ. ಮೀಟರಿಗೆ 3.3 ಅಡಿ ಎಂದು ಸ್ಥೂಲವಾಗಿ ಹಿಡಿದರೆ ಉದ್ದದಲ್ಲಿ ಬರುವ ತಪ್ಪು ನೂರಕ್ಕೆ ಅರ್ಧ ಚಿಲ್ಲರೆ. ಅದನ್ನೇ ಘನ ಮಾಡಿದರೆ 35.94 ಬರುತ್ತದೆ, ತಪ್ಪು ನೂರಕ್ಕೆ ಎರಡರ ಹತ್ತಿರ ಹೋಗುತ್ತದೆ. ಆದ್ದರಿಂದ ಇಂಚಿನಿಂದಲೇ ಹೊರಡುವುದು ಒಳ್ಳೆಯದು. 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಸೇರಿ ಒಪ್ಪಿಕೊಂಡ ಮೇಲೆ ಒಂದು ಇಂಚು ಎಂದರೆ ಕರಾರುವಾಕ್ಕಾಗಿ 2.54 ಸೆಂಟಿಮೀಟರ್. ಅದರಲ್ಲಿ ಚೂರೂ ಸ್ಥೂಲತೆ ಇಲ್ಲ. ಮೂರು ಸಲ ಗುಣಿಸಿದರೆ ಘನ ಇಂಚು 16.387064 ಘನ ಸೆಂಟಿಮೀಟರ್, ಅದೂ ಕರಾರುವಾಕ್ಕು. ಈ ಒಂದು 2.54 ನೆನಪಿದ್ದರೆ ಮಿಕ್ಕ ಯಾವ ಕೋಷ್ಟಕವೂ ಬೇಡ.

ಗಮನಿಸಿ, ಇಷ್ಟೆಲ್ಲ ಬದಲಾಯಿಸುವಾಗಲೂ ಕೂಲಂಬನ್ನು ನಾವು ಮುಟ್ಟಲೇ ಇಲ್ಲ. ಉದ್ದಕ್ಕೆ ಅಡಿ, ತೂಕಕ್ಕೆ ಪೌಂಡ್, ದ್ರವಕ್ಕೆ ಗ್ಯಾಲನ್ ಇಟ್ಟುಕೊಂಡ ಇಂಗ್ಲಿಷರು ವಿದ್ಯುತ್ತಿಗೆ ತಮ್ಮದೇ ಅಳತೆಯೊಂದನ್ನು ಮಾಡಿಕೊಳ್ಳಲಿಲ್ಲ. 1861ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಸ್ಥೆ ವಿದ್ಯುತ್ ಅಳತೆಗಳನ್ನು ಗೊತ್ತುಮಾಡಲು ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಸೂಚನೆಯಂತೆ ಒಂದು ಸಮಿತಿ ರಚಿಸಿತು. ಮ್ಯಾಕ್ಸ್‌ವೆಲ್ ಕೂಡ ಅದರಲ್ಲಿ ದುಡಿದರು. ತಮ್ಮ ದೇಶದ ಅಂಗಡಿಗಳಲ್ಲಿ ಗಜ, ಅಡಿಯೇ ನಡೆಯುತ್ತಿದ್ದ ಕಾಲದಲ್ಲಿ ಆ ವಿಜ್ಞಾನಿಗಳು ಆರಿಸಿಕೊಂಡದ್ದು ಮೀಟರನ್ನು. 1881ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮಾವೇಶ ಓಮ್, ವೋಲ್ಟ್, ಆಂಪಿಯರ್ ಜೊತೆಗೆ ಕೂಲಂಬ್ ಹೆಸರನ್ನೂ ಒಪ್ಪಿತು. ಆಳುವವರ ಪದ್ಧತಿಯನ್ನು ಪಕ್ಕಕ್ಕಿಟ್ಟು ಇಡೀ ಲೋಕಕ್ಕೆ ಒಂದೇ ಅಳತೆ ಕೊಟ್ಟ ಆ ತೀರ್ಮಾನಕ್ಕೆ ನಾನು ತಲೆಬಾಗುತ್ತೇನೆ. ಹಾಗಾಗಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದ ಕಾಲದಲ್ಲಿ ಅಳತೆಪಟ್ಟಿ ಅಡಿ, ಇಂಚು ತೋರಿಸುತ್ತಿದ್ದರೂ ಕರೆಂಟಿನ ಮೀಟರು ತೋರಿಸುತ್ತಿದ್ದದ್ದು ಆಂಪಿಯರನ್ನೇ. ನಮ್ಮ ದೇಶ ತೂಕ ಅಳತೆಗಳ ಮೆಟ್ರಿಕ್ ಕಾಯ್ದೆ ಮಾಡಿದ್ದು 1956ರಲ್ಲಿ. ವಿದ್ಯುತ್ತಿನ ಮಟ್ಟಿಗೆ ಬದಲಾಯಿಸಲು ಏನೂ ಇರಲಿಲ್ಲ.

ಬದಲಾದದ್ದು ವೈರಿನ ದಪ್ಪದ ಅಳತೆ. ಹಳೆಯ ಎಲೆಕ್ಟ್ರಿಷಿಯನ್‌ಗಳು ‘ತ್ರೀ ಟ್ವೆಂಟಿ’, ‘ಸೆವೆನ್ ಟ್ವೆಂಟಿ’ ಎನ್ನುತ್ತಿದ್ದರು, ಅಂದರೆ ಇಪ್ಪತ್ತು ಗೇಜಿನ ಮೂರು ಎಳೆ, ಏಳು ಎಳೆ. ಈಗಿನ ಹುಡುಗರು ‘ಒಂದೂವರೆ ಎಂಎಂ’, ‘ಎರಡೂವರೆ ಎಂಎಂ’ ಎನ್ನುತ್ತಾರೆ. ಆದರೆ ಆ ವೈರು ಎಳೆಯುವ ಪೈಪು ಇನ್ನೂ ಮುಕ್ಕಾಲು ಇಂಚೇ. ಒಂದೇ ಗೋಡೆಯೊಳಗೆ ಎರಡೂ ಪದ್ಧತಿ ಮಲಗಿವೆ.

ಆ ತ್ರೀ ಟ್ವೆಂಟಿ ವೈರನ್ನೇ ಹಿಡಿದು ನಮ್ಮ ಲೆಕ್ಕದ ಸತ್ಯ ಪರೀಕ್ಷಿಸಬಹುದು. ತಾಮ್ರದ ಒಂದು ಘನ ಮೀಟರಿನಲ್ಲಿ ಓಡಾಡುವ ಸ್ವಾತಂತ್ರ್ಯವಿರುವ ಎಲೆಕ್ಟ್ರಾನುಗಳ ಸಂಖ್ಯೆ 85ರ ಮುಂದೆ 27 ಸೊನ್ನೆ. ಒಂದೊಂದರ ಆವೇಶದಿಂದ ಗುಣಿಸಿದರೆ ಘನ ಮೀಟರಿಗೆ ಸುಮಾರು 1,360 ಕೋಟಿ ಕೂಲಂಬ್. ಘನ ಅಡಿಗೆ 38.5 ಕೋಟಿ, ಘನ ಇಂಚಿಗೆ 2.23 ಲಕ್ಷ. ಈ ವೈರಿನಲ್ಲಿ 5 ಆಂಪಿಯರ್, ಅಂದರೆ ಸೆಕೆಂಡಿಗೆ 5 ಕೂಲಂಬ್, ನೇರ ವಿದ್ಯುತ್ ಹರಿದರೆ ಎಲೆಕ್ಟ್ರಾನುಗಳು ಎಷ್ಟು ವೇಗವಾಗಿ ಮುಂದೆ ಹೋಗುತ್ತವೆ? ಕರೆಂಟನ್ನು ಸಾಂದ್ರತೆಯಿಂದಲೂ ವೈರಿನ ಅಡ್ಡಕೊಯ್ತದ ವಿಸ್ತೀರ್ಣದಿಂದಲೂ ಭಾಗಿಸಿದರೆ ಆಯಿತು. ಇಪ್ಪತ್ತು ಗೇಜಿನ ಎಳೆಯ ವ್ಯಾಸ 0.036 ಇಂಚು. ಪೂರ್ತಿ ಇಂಚಿನಲ್ಲೇ ಲೆಕ್ಕ ಹಾಕಿದರೆ ಗಂಟೆಗೆ 26.4 ಇಂಚು. ಮಿಲಿಮೀಟರಿಗೆ ತಿರುಗಿಸಿ ಮೊದಲಿನಿಂದ ಹಾಕಿದರೆ ಗಂಟೆಗೆ 67 ಸೆಂಟಿಮೀಟರ್. ಎರಡೂ ಒಂದೇ. ಸ್ವಿಚ್ ಒತ್ತಿದ ಕ್ಷಣಕ್ಕೆ ದೀಪ ಹತ್ತುವುದು ಎಲೆಕ್ಟ್ರಾನುಗಳು ಓಡಿ ಬರುವುದರಿಂದಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ಅವು ಬಸವನಹುಳುವಿಗಿಂತ ನಿಧಾನ, ತಳ್ಳುವ ಬಲ ಮಾತ್ರ ವೈರಿನುದ್ದಕ್ಕೂ ಮಿಂಚಿನಂತೆ ಹಬ್ಬುತ್ತದೆ. ಮನೆಯ ಎಸಿ ಕರೆಂಟಿನಲ್ಲಂತೂ ಅವು ಸೆಕೆಂಡಿಗೆ 50 ಸಲ ಇದ್ದಲ್ಲೇ ಹಿಂದೆ ಮುಂದೆ ಓಲಾಡುತ್ತವೆ.

ಇಲ್ಲೊಂದು ಎಚ್ಚರಿಕೆ ಬೇಕು. 1,360 ಕೋಟಿ ಕೂಲಂಬ್ ಎಂದಾಕ್ಷಣ ತಾಮ್ರದ ಪಾತ್ರೆ ಮುಟ್ಟಲು ಹೆದರಬೇಕಿಲ್ಲ. ಅದು ಓಡಾಡುವ ಎಲೆಕ್ಟ್ರಾನುಗಳ ಲೆಕ್ಕ ಮಾತ್ರ. ಅಷ್ಟೇ ಧನಾವೇಶ ತಾಮ್ರದ ಪರಮಾಣುಗಳಲ್ಲಿ ಕೂತಿದೆ, ಕೂಡಿ ಕಳೆದರೆ ಸೊನ್ನೆ. ಹಲವು ಮನೆಗಳಲ್ಲಿರುವ ಇನ್ವರ್ಟರ್ ಬ್ಯಾಟರಿಯೂ ಹಾಗೆಯೇ. 150 ಆಂಪಿಯರ್ ಅವರ್ ಎಂದರೆ 5,40,000 ಕೂಲಂಬ್ ಹರಿಸಬಲ್ಲದು. ಆದರೆ ಬ್ಯಾಟರಿಯ ಒಳಗೆ ಒಟ್ಟು ಆವೇಶ ಸೊನ್ನೆಯೇ, ಒಂದು ತುದಿಯಿಂದ ಹೋದಷ್ಟು ಇನ್ನೊಂದು ತುದಿಗೆ ಬಂದು ಸೇರುತ್ತದೆ. ಸಾಂದ್ರತೆ ಎಂದಾಗ ಯಾವುದರ ಸಾಂದ್ರತೆ, ಹರಿಯುವುದರದ್ದೋ ಕೂಡಿ ಕಳೆದು ಉಳಿಯುವುದರದ್ದೋ ಎಂದು ಕೇಳಿಕೊಳ್ಳದೆ ಏಕಮಾನ ಬದಲಿಸುವುದು ವ್ಯರ್ಥ.

ಕೂಡಿ ಕಳೆದು ಉಳಿಯುವ ಆವೇಶ ತೀರಾ ಚಿಕ್ಕದು, ಅಪಾಯವಿರುವುದು ಅಲ್ಲಿ. ಪೆಟ್ರೋಲ್ ಪೈಪಿನಲ್ಲಿ, ಫಿಲ್ಟರಿನಲ್ಲಿ ಉಜ್ಜಿ ಹರಿಯುವಾಗ ಆವೇಶ ಹೊತ್ತುಕೊಳ್ಳುತ್ತದೆ. ಅದನ್ನು ಅಳೆಯುವುದು ಘನ ಮೀಟರಿಗೆ ಮೈಕ್ರೊಕೂಲಂಬಿನಲ್ಲಿ, ಕೂಲಂಬಿನ ಹತ್ತು ಲಕ್ಷದ ಒಂದು ಭಾಗದಲ್ಲಿ. ಬಿ.ಎಚ್. ರಸ್ತೆಯ ಬಂಕಿನಲ್ಲಿ ಟ್ಯಾಂಕರ್ ಖಾಲಿ ಮಾಡುವ ಮುಂಚೆ ತಂತಿಯ ಕ್ಲಿಪ್ ಸಿಕ್ಕಿಸಿ ಅರ್ಥಿಂಗ್ ಕೊಡುವುದು ಈ ಆವೇಶ ಕಿಡಿಯಾಗಬಾರದೆಂದು. ಇಂಥ ಅಂಕಿಯನ್ನು ಗ್ಯಾಲನ್ನಿಗೆ ಬದಲಿಸುವವರು ಯಾವ ಗ್ಯಾಲನ್ ಎಂದು ಮೊದಲು ನೋಡಬೇಕು. ಇಂಗ್ಲಿಷ್ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785 ಲೀಟರ್. ಹೆಸರು ಒಂದೇ, ವ್ಯತ್ಯಾಸ ನೂರಕ್ಕೆ ಇಪ್ಪತ್ತು.

ಇನ್ನು ಆಕಾಶಕ್ಕೆ ಬರೋಣ. ಭರಣಿ, ಕೃತ್ತಿಕೆ, ರೋಹಿಣಿಯ ಮಳೆಗಳು ಮಲೆನಾಡಿನಲ್ಲಿ ಗುಡುಗು ಸಿಡಿಲು ಹೊತ್ತೇ ಬರುತ್ತವೆ. ಸಾಮಾನ್ಯ ಸಿಡಿಲೊಂದು ನೆಲಕ್ಕಿಳಿಸುವ ಆವೇಶ 20 ಕೂಲಂಬ್ ಆಸುಪಾಸು. ಇಷ್ಟೇನಾ ಎನ್ನಿಸಬಹುದು. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯಲ್ಲಿ ಐದು ಸೆಕೆಂಡಿನೊಳಗೆ ಹರಿದುಹೋಗುವಷ್ಟು ಅದು. ಎಳ್ಳಿನ ಕಾಳಿಗಿಂತ ದೊಡ್ಡದಲ್ಲದ ತಾಮ್ರದ ಚೂರಿನಲ್ಲಿ ಅಷ್ಟು ಎಲೆಕ್ಟ್ರಾನುಗಳಿವೆ. ಆದರೆ ಸಿಡಿಲಿನಲ್ಲಿ ಅದು ಕೋಟಿಗಟ್ಟಲೆ ವೋಲ್ಟಿನ ಒತ್ತಡದಿಂದ ಕಣ್ಣು ಮಿಟುಕಿಸುವುದರೊಳಗೆ ಇಳಿಯುತ್ತದೆ, ಕರೆಂಟು ಒಂದು ಕ್ಷಣ 30,000 ಆಂಪಿಯರಿನ ಸುಮಾರಿಗೆ ಏರುತ್ತದೆ. ಗುಡುಗು ಕೇಳಿದ ಮೇಲೆ ತೋಟದಲ್ಲಿ, ಮರದ ಬುಡದಲ್ಲಿ ನಿಲ್ಲಬೇಡಿ, ಮನೆಯೊಳಗೆ ಹೋಗಿ. ಲೆಕ್ಕಕ್ಕಿಂತ ಇದು ಮುಖ್ಯ.

ಆ 20 ಕೂಲಂಬ್ ಮೋಡದೊಳಗೆ ಎಷ್ಟು ತೆಳ್ಳಗೆ ಹರಡಿರುತ್ತದೆ? ಹುಡುಗನಿಗೆ ಕೊನೆಗೆ ನಾನು ಕೊಟ್ಟ ಲೆಕ್ಕ ಇದು, ಗಾತ್ರಕ್ಕೆ ತೆಗೆದುಕೊಂಡದ್ದು ಭದ್ರಾ ಅಣೆಕಟ್ಟು. ಪೂರ್ತಿ ತುಂಬಿದರೆ 71.5 ಟಿಎಂಸಿ. ಮೋಡದ ಆವೇಶ ಹರಡಿದ ಭಾಗ ಅಷ್ಟೇ ದೊಡ್ಡದಿದೆ ಎಂದುಕೊಳ್ಳೋಣ. ಮೋಡದಲ್ಲಿ ಆವೇಶ ಸಮನಾಗಿ ಹರಡಿರುವುದಿಲ್ಲ, ಆದ್ದರಿಂದ ಇದು ಸರಾಸರಿ ಮಾತ್ರ.

“ದೊಡ್ಡದು ಯಾವುದು ಬರ್ಬೇಕು ಹೇಳು, ಘನ ಮೀಟರಿಂದಾ ಘನ ಅಡಿದಾ?” ಎಂದೆ.

“ಘನ ಮೀಟರಿಂದೇ ಸಾರ್. ಸಿಎಫ್‌ಟಿ ಥರ.”

ಒಂದು ಘನ ಕಿಲೋಮೀಟರ್ ಎಂದರೆ 35.3 ಟಿಎಂಸಿ. ಘನ ಮೀಟರಿಗೂ ಘನ ಅಡಿಗೂ ಇರುವ ಅದೇ ಸಂಖ್ಯೆ ಇಲ್ಲಿಗೂ ಬಂದು ಕೂರುವುದು ಆಕಸ್ಮಿಕವಲ್ಲ, ಘನ ಕಿಲೋಮೀಟರಿನಲ್ಲಿ ನೂರು ಕೋಟಿ ಘನ ಮೀಟರ್, ಟಿಎಂಸಿಯಲ್ಲಿ ನೂರು ಕೋಟಿ ಘನ ಅಡಿ. ಹಾಗಾಗಿ 71.5ನ್ನು 35.3ರಿಂದ ಭಾಗಿಸಿದರೆ ತುಂಬಿದ ಭದ್ರೆ ಸುಮಾರು ಎರಡು ಘನ ಕಿಲೋಮೀಟರ್. ಅದರಲ್ಲಿ 20 ಕೂಲಂಬ್ ಹರಡಿದರೆ ಘನ ಮೀಟರಿಗೆ 9.9 ನ್ಯಾನೊಕೂಲಂಬ್, ನ್ಯಾನೊ ಎಂದರೆ ನೂರು ಕೋಟಿಯ ಒಂದು ಭಾಗ. ಹುಡುಗ ಅದನ್ನು 35.3ರಿಂದ ಭಾಗಿಸಿ ಘನ ಅಡಿಗೆ 0.28 ಎಂದ. ಆಮೇಲೆ ಮೀಟರಿನ ಗೊಡವೆಯೇ ಬೇಡವೆಂದು 20ನ್ನು ನೇರವಾಗಿ 71.5 ಟಿಎಂಸಿಯಿಂದ ಭಾಗಿಸಿದ. ಮತ್ತೆ ಅದೇ 0.28. ಅವನ ಮುಖದಲ್ಲಿ ಆಗ ಮೂಡಿದ ಬೆಳಕನ್ನು ಯಾವ ಮೊಬೈಲಿನ ಉತ್ತರವೂ ತರಲಾರದು.

ಶಿವಮೊಗ್ಗ, ಭದ್ರಾವತಿಯ ಪಿಯು ಉಪನ್ಯಾಸಕರಲ್ಲಿ ನನ್ನದೊಂದು ಕೋರಿಕೆ. ಸಾಂದ್ರತೆಯ ಪಾಠ ಬರುವುದು ಹೆಚ್ಚುಕಡಿಮೆ ಜಲಾಶಯ ತುಂಬುವ ಹೊತ್ತಿನಲ್ಲೇ. ಆ ದಿನದ ಪತ್ರಿಕೆಯನ್ನು ತರಗತಿಗೆ ಒಯ್ಯಿರಿ, ಭದ್ರೆಯ ಟಿಎಂಸಿಯನ್ನು ಬೋರ್ಡಿನ ಮೇಲೆ ಬರೆಯಿರಿ, ಒಂದು ಮೋಡದ ಆವೇಶವನ್ನು ಅದರಿಂದ ಭಾಗಿಸಲು ಹೇಳಿ. ಪೆನ್ನು ಎತ್ತುವ ಮುಂಚೆ ಉತ್ತರ ಹಿಗ್ಗುತ್ತದೋ ಕುಗ್ಗುತ್ತದೋ ಎಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಾಯಿಬಿಟ್ಟು ಹೇಳಲಿ.